ಡಕೋಟಾ ಬರುವಾಗ ಮೈಕು ನಿಲ್ಲಿಸಿ

ಗಣರಾಜ್ಯೋತ್ಸವ ಹತ್ತಿರ ಬಂತೆಂದರೆ ಓದುಗರ ಪತ್ರಗಳಲ್ಲಿ ಒಂದು ಹಳೆಯ ತಕರಾರು ತಲೆ ಎತ್ತುತ್ತದೆ. ಈ ಸಲವೂ ಎತ್ತಿದೆ. ವಾಯುಪಡೆಯ ಡಕೋಟಾ ‘ಪರಶುರಾಮ’ದ ಮೈಮೇಲಿರುವ ವಿಪಿ 905 ಎಂಬ ಸಂಖ್ಯೆ ಅದರ ಸ್ವಂತದ್ದಲ್ಲ, ಬೇರೊಂದು ವಿಮಾನದ್ದು. ಹಾಗಿದ್ದ ಮೇಲೆ ಅದನ್ನು ಐತಿಹಾಸಿಕ ಎಂದು ಕೊಂಡಾಡುವುದು ಎಷ್ಟು ಸರಿ ಎಂಬುದು ಪ್ರಶ್ನೆ.

ಸಂಖ್ಯೆ ಬೇರೆಯದು ಎಂಬುದು ನಿಜ. 1947ರ ಅಕ್ಟೋಬರ್ 27ರ ಬೆಳಿಗ್ಗೆ ಒಂದನೇ ಸಿಖ್ ಬೆಟಾಲಿಯನ್ನಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ವಿಪಿ 905 ಬೇರೆ ವಿಮಾನ. ಈಗಿರುವುದು 1944ರಲ್ಲಿ ತಯಾರಾದದ್ದು. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು, ಆಮೇಲೆ ಅಲ್ಲಿನ ನಾಗರಿಕ ಕೆಲಸಗಳಿಗೆ ದುಡಿದು ಮೂಲೆ ಸೇರಿತ್ತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ದುರಸ್ತಿ ಮಾಡಿಸಿ, ಡಕೋಟಾ ಹಾರಿಸುತ್ತಿದ್ದ ತಮ್ಮ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಹೆಸರಿನಲ್ಲಿ ವಾಯುಪಡೆಗೆ ಕೊಟ್ಟರು. ಬ್ರಿಟನ್ನಿನಿಂದ ತನ್ನ ರೆಕ್ಕೆಯ ಮೇಲೆಯೇ ಹಾರಿ ಬಂದು 2018ರ ಏಪ್ರಿಲ್ 25ರಂದು ಜಾಮ್‌ನಗರದಲ್ಲಿ ಇಳಿಯಿತು. ಶ್ರೀನಗರಕ್ಕೆ ಮೊದಲು ಹೋದ ವಿಮಾನದ ನೆನಪಿಗೆ ಅದರ ಸಂಖ್ಯೆಯನ್ನು ಇದಕ್ಕೆ ಬರೆದರು.

ಇದರಲ್ಲಿ ಮೋಸವೇನಿದೆ? ಬ್ರಿಟಿಷ್ ವಾಯುಪಡೆಯ ಸ್ಮಾರಕ ತುಕಡಿಯಲ್ಲಿರುವ ಲಂಕಾಸ್ಟರ್ ಬಾಂಬರ್ ಪಿಎ474, ಯುದ್ಧಕಾಲದ ಬೇರೆ ಬೇರೆ ಲಂಕಾಸ್ಟರ್‌ಗಳ ಗುರುತನ್ನು ಆಗಾಗ ಬದಲಾಯಿಸಿ ತೊಡುತ್ತ ಬಂದಿದೆ. ಅಲ್ಲಿನ ಜನ ಅದನ್ನು ಸತ್ತವರಿಗೆ ಸಲ್ಲುವ ಗೌರವವೆಂದೇ ನೋಡುತ್ತಾರೆ. ಬರೀ ನಂಬರನ್ನೇ ಹಿಡಿದು ಕುಳಿತವರಿಗೆ ನನ್ನ ಉತ್ತರ ಇಷ್ಟೇ: ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು, ಎಂಜಿನ್ನಿನ ದನಿಗೆ ಬಣ್ಣ ಬಳಿಯಲಾಗದು. ಪರಶುರಾಮದ ದನಿ ಅಸಲಿ. ಹಳೆಯ ಯುದ್ಧವಿಮಾನಗಳ ಹಾರಾಟವನ್ನು ನೋಡಬೇಕಾದದ್ದು ಮೊದಲು ಕಿವಿಯಿಂದ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೊಮ್ಮೆ ಬರೆಯಲು ನನಗೆ ಬೇಸರವಿಲ್ಲ.

ನನ್ನ ನಿಜವಾದ ಜಗಳ ಇರುವುದು ಬೇರೆ ಕಡೆ. 2022ರ ಗಣರಾಜ್ಯೋತ್ಸವದಲ್ಲಿ ಡಕೋಟಾ ಎರಡು ಡಾರ್ನಿಯರ್‌ಗಳ ಜೊತೆ ‘ತಂಗೈಲ್’ ಎಂಬ ಹೆಸರಿನ ವ್ಯೂಹದಲ್ಲಿ ಹಾರಿತು. 1971ರ ಡಿಸೆಂಬರ್ 11ರಂದು ಎರಡನೇ ಪ್ಯಾರಾ ಬೆಟಾಲಿಯನ್ ಪೂರ್ವ ಪಾಕಿಸ್ತಾನದ ತಂಗೈಲ್ ಬಳಿ ಧುಮುಕಿ ಪೂಂಗ್ಲಿ ಸೇತುವೆ ಹಿಡಿದದ್ದರ ಸ್ಮರಣೆ ಅದು. ಅಂದು ಸೈನಿಕರನ್ನು ಒಯ್ದ ವಿಮಾನಗಳಲ್ಲಿ ಡಕೋಟಾಗಳೂ ಇದ್ದವು. ಅದೇ ವರ್ಷ ದೂರದರ್ಶನ ಕಾಕ್‌ಪಿಟ್ ಒಳಗಿನ ದೃಶ್ಯಗಳನ್ನು ಮೊದಲ ಬಾರಿಗೆ ತೋರಿಸಿತು. ಎಲ್ಲರೂ ಬೆರಗಾದರು. ಅಂದಿನಿಂದ ಕಾಕ್‌ಪಿಟ್ ಕ್ಯಾಮೆರಾ ಇಲ್ಲದ ಫ್ಲೈಪಾಸ್ಟ್ ಸಪ್ಪೆ ಎನ್ನುವವರು ಹೆಚ್ಚಾಗಿದ್ದಾರೆ. ನಾನು ಒಪ್ಪುವುದಿಲ್ಲ. ಪೈಲಟ್ಟಿನ ಹೆಲ್ಮೆಟ್ಟು, ಪಕ್ಕದ ರೆಕ್ಕೆ, ಕೆಳಗೆ ಸರಿಯುವ ದೆಹಲಿ ಸುಂದರವೇ ಸರಿ. ಆದರೆ ಫ್ಲೈಪಾಸ್ಟ್ ರಚನೆಯಾಗುವುದು ನೆಲದ ಮೇಲೆ ನಿಂತವರಿಗಾಗಿ. ಯಾವ ವಿಮಾನ ಎಷ್ಟು ಎತ್ತರದಲ್ಲಿ, ಎಷ್ಟು ಅಂತರದಲ್ಲಿ, ಯಾವ ಕ್ಷಣಕ್ಕೆ ವೇದಿಕೆ ದಾಟಬೇಕು ಎಂಬ ಲೆಕ್ಕವೆಲ್ಲ ಕೆಳಗಿನವನ ಕಣ್ಣು ಕಿವಿಗಳಿಗೆ. ಜಾತ್ರೆಯಲ್ಲಿ ತೇರಿನ ಮೇಲೆ ಕುಳಿತವನಿಗೆ ತೇರು ಕಾಣುವುದಿಲ್ಲ.

ಡಕೋಟಾ ಹೇಗೆ ಬರುತ್ತದೆಂದು ಗಮನಿಸಿ. ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಎರಡು ಕಿಲೋಮೀಟರ್ ಆಚೆಯಿಂದ ನಿಮ್ಮ ನೆತ್ತಿಗೆ ಬರಲು ಅರ್ಧ ನಿಮಿಷ ಬೇಕು. ಗಂಟೆಗೆ 780 ಕಿಲೋಮೀಟರ್ ವೇಗದಲ್ಲಿ ಬರುವ ಜಾಗ್ವಾರ್ ಯುದ್ಧವಿಮಾನಕ್ಕೆ ಒಂಬತ್ತು ಸೆಕೆಂಡು ಸಾಕು, ಅದರ ಗರ್ಜನೆಯೂ ಬಹುಪಾಲು ಬೆನ್ನ ಹಿಂದೆ ಉಳಿದು, ವಿಮಾನ ದಾಟಿದ ಮೇಲೆ ಬಂದು ಎದೆಗೆ ಗುದ್ದುತ್ತದೆ. ಡಕೋಟಾದ ದನಿ ಮುಂದಾಗಿ ಬರುತ್ತದೆ. ಕಣ್ಣಿಗೆ ಇನ್ನೂ ಚುಕ್ಕಿಯಷ್ಟೇ ಇರುವಾಗ ಒಂದು ಗುಂಯ್‌ಗುಡುವಿಕೆ ಶುರುವಾಗುತ್ತದೆ. ಎರಡು ಪ್ರೊಪೆಲ್ಲರ್‌ಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ದನಿ ಏರುತ್ತ ಇಳಿಯುತ್ತ ಅಲೆಯಾಗುತ್ತದೆ. ಪೈಲಟ್ ಎರಡನ್ನೂ ಹೊಂದಿಸಿದಂತೆ ಅಲೆ ನಿಧಾನವಾಗಿ ಮಾಯವಾಗಿ ಒಂದೇ ಶ್ರುತಿ ಉಳಿಯುತ್ತದೆ. ಪಕ್ಕದ ಡಾರ್ನಿಯರ್‌ಗಳ ಟರ್ಬೊಪ್ರಾಪ್ ದನಿ ತೆಳು, ಚೂಪು. ಅವುಗಳ ನಡುವೆ ಡಕೋಟಾದ ತಗ್ಗು ದನಿಯನ್ನು ಬಿಡಿಸಿ ಕೇಳುವುದನ್ನು ಕಲಿಯಬಹುದು, ಕಷ್ಟವಿಲ್ಲ.

ಆಮೇಲೆ ಕಣ್ಣಿಗೂ ಕೆಲಸವಿದೆ. ಕೆಳಗಿನಿಂದ ನೋಡಿದರೆ ರೆಕ್ಕೆಯ ಮುಂದಿನ ಅಂಚು ಹಿಂದಕ್ಕೆ ಬಾಗಿರುತ್ತದೆ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. ಗಾಲಿಗಳು ಪೂರ್ತಿ ಒಳಗೆ ಹೋಗುವುದಿಲ್ಲ, ಎಂಜಿನ್ನುಗಳ ಹಿಂದೆ ಅರ್ಧ ಹೊರಗೇ ಕಾಣುತ್ತವೆ. 2019ರ ಏರೋ ಇಂಡಿಯಾಕ್ಕೆ ಪರಶುರಾಮ ಯಲಹಂಕಕ್ಕೆ ಬಂದಾಗ ಎಂಜಿನ್ ಚಾಲೂ ಮಾಡುವ ಮೊದಲು ನೆಲದ ಸಿಬ್ಬಂದಿ ಪ್ರೊಪೆಲ್ಲರಿನ ಒಂದೊಂದೇ ಅಲಗನ್ನು ಕೈಯಿಂದ ತಳ್ಳಿ ತಿರುಗಿಸುವುದನ್ನು ನೋಡಿದೆ. ಹದಿನಾಲ್ಕು ಸಿಲಿಂಡರ್‌ಗಳು ಏಳೇಳರಂತೆ ಎರಡು ಸುತ್ತಾಗಿ ಜೋಡಿಸಿರುವ ಎಂಜಿನ್ ಅದು. ನಿಂತಲ್ಲೇ ನಿಂತರೆ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ಅದನ್ನು ತೆರವು ಮಾಡದೆ ಚಾಲೂ ಮಾಡಿದರೆ ಎಂಜಿನ್ನೇ ಮುರಿದೀತು. ಮೊದಲು ಒಂದು ಕೆಮ್ಮು, ಬಿಳಿ ಹೊಗೆಯ ಮುದ್ದೆ, ಮತ್ತೆ ಎರಡು ಕೆಮ್ಮು, ಆಮೇಲೆ ಹಿಡಿತ ಸಿಕ್ಕ ದನಿ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ ವಿಮಾನ ಎಷ್ಟೇ ಹೊಳೆಯಲಿ, ಇದನ್ನು ಕೊಡಲಾರದು.

ಆ ದನಿ ಕೇಳಿದಾಗಲೆಲ್ಲ ನನಗೆ ಲೇಹ್ ನೆನಪಾಗುತ್ತದೆ. 1948ರ ಮೇ ತಿಂಗಳು, ಕಾಶ್ಮೀರದ ಮೊದಲ ಯುದ್ಧದ ಕಾಲ. ಕಾರ್ಗಿಲ್ ಕೈತಪ್ಪಿ, ದ್ರಾಸ್ ಮುತ್ತಿಗೆಗೆ ಸಿಕ್ಕಿ ಲಡಾಖಿನ ರಸ್ತೆ ಕಡಿದುಹೋಗಿತ್ತು. ಲೇಹ್‌ನಲ್ಲಿದ್ದ ಬೆರಳೆಣಿಕೆಯ ಸೈನಿಕರಿಗೆ ಸಹಾಯ ಮುಟ್ಟಲು ಉಳಿದಿದ್ದು ಆಕಾಶವೊಂದೇ. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಸ್ಥಳೀಯರನ್ನು ಕೂಡಿಸಿಕೊಂಡು ಸಿಂಧೂ ದಂಡೆಯ ಬಳಿ, ಸುಮಾರು 11,000 ಅಡಿ ಎತ್ತರದಲ್ಲಿ, ಒಂದು ಕಚ್ಚಾ ಓಡುದಾರಿ ಮಾಡಿದರು. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ಆ ಎತ್ತರದಲ್ಲಿ ಎಂಜಿನ್ನಿನ ಬಲವೂ ಕುಗ್ಗುತ್ತದೆ. ದಾರಿಯುದ್ದಕ್ಕೂ ಹಿಮದ ಶಿಖರಗಳು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ತಾವೇ ಡಕೋಟಾ ಹಾರಿಸಿಕೊಂಡು ಹೋಗಿ ಅಲ್ಲಿ ಇಳಿಸಿದರು. ಅದರಲ್ಲಿ ಕುಳಿತಿದ್ದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ನಮ್ಮ ಮಡಿಕೇರಿಯವರು. ಆ ಭಾಗದ ಯುದ್ಧದ ಹೊಣೆ ಹೊತ್ತ ಸೇನಾನಿ, ಮೊದಲ ವಿಮಾನದಲ್ಲಿ ತಾವೇ ಕೂತರು. ಆಮೇಲೆ ಅದೇ ದಾರಿಯಲ್ಲಿ ಸೈನಿಕರೂ ಮದ್ದುಗುಂಡೂ ಹೋದವು, ಲೇಹ್ ಉಳಿಯಿತು. ಆ ಕ್ಯಾಬಿನ್ನಿನಲ್ಲಿ ತಿಮ್ಮಯ್ಯನವರು ದಾರಿಯುದ್ದಕ್ಕೂ ಕೇಳಿದ್ದು ಇದೇ ಜಾತಿಯ ಎಂಜಿನ್ನಿನ ದನಿ.

ಬೆಂಗಳೂರಿಗೂ ಈ ದನಿ ಹೊಸತಲ್ಲ. ಮಹಾಯುದ್ಧ ಮುಗಿದು ಬ್ರಿಟಿಷರು ಹೊರಟಾಗ ಕಾನ್ಪುರದಲ್ಲಿ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳನ್ನು ಯಾರೂ ಬಳಸದಂತೆ ಜಜ್ಜಿ ಹಾಕಿ ಹೋಗಿದ್ದರು. ಲಿಬರೇಟರ್‌ನ ಎಂಜಿನ್ನೂ ಡಕೋಟಾದ್ದೇ, ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್. ಎಚ್‌ಎಎಲ್‌ನವರು ಅವುಗಳಲ್ಲಿ ಸುಧಾರಿಸಬಹುದಾದವನ್ನು ಆರಿಸಿ, ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿ ಬೆಂಗಳೂರಿಗೆ ಹಾರಿಸಿ ತಂದರು. ಹಾರಿಸಿದವರು ಸಂಸ್ಥೆಯ ಪೈಲಟ್ ಜಮ್‌ಶೆಡ್ ಮುನ್ಶಿ. ಇಲ್ಲಿ ಅವು ಪೂರ್ತಿ ಹೊಸದಾದವು, 1968ರವರೆಗೆ ವಾಯುಪಡೆಯಲ್ಲಿ ದುಡಿದವು. ನಿವೃತ್ತಿಯಾದ ಮೇಲೆ ಒಂದು ಲಂಡನ್ನಿನ ಹೆಂಡನ್ ಸಂಗ್ರಹಾಲಯಕ್ಕೆ ಹೋಯಿತು. ಇನ್ನೊಂದನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಪಡೆದು ಮತ್ತೆ ಹಾರುವಂತೆ ಮಾಡಿತು, ಆ ದೇಶದ ಊರೂರಿನ ಜನ ಅದರ ಸದ್ದು ಕೇಳಲು ಬಂದರು. ನಮ್ಮ ಪಾಲಿನದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಸುಮ್ಮನೆ ನಿಂತಿದೆ. ಈ ವ್ಯತ್ಯಾಸ ನನ್ನನ್ನು ನೋಯಿಸುತ್ತದೆ. ಜಜ್ಜಿದ ತಗಡನ್ನು ಬಾಂಬರ್ ಮಾಡಿದ ಊರು ಇದು. ಆ ಕೆಲಸಗಾರರಿಗೆ ಸಲ್ಲಬೇಕಾದ ಸ್ಮಾರಕ ಕಲ್ಲಿನದ್ದಲ್ಲ.

ಇಂದು ಅದೇ ಎಂಜಿನ್ನಿನ ದನಿಯನ್ನು ನಮ್ಮ ಆಕಾಶಕ್ಕೆ ತರುವ ಪರಶುರಾಮ ಬರುವ ಹೊತ್ತಿಗೆ ಏನಾಗುತ್ತದೆ? ಮೈಕಿನಲ್ಲಿ ವಿವರಣೆ, ಹಿನ್ನೆಲೆಯಲ್ಲಿ ಸಂಗೀತ, ಚಪ್ಪಾಳೆಗೆ ಕರೆ. ವಿವರಣೆ ಬೇಕು, ಆದರೆ ವಿಮಾನ ಕಾಣಿಸುವ ಮೊದಲೇ ಹೇಳಿ ಮುಗಿಸಲಿ. ದೆಹಲಿಯ ಕರ್ತವ್ಯ ಪಥದಲ್ಲೇ ಇರಲಿ, ಯಲಹಂಕದಲ್ಲೇ ಇರಲಿ, ಡಕೋಟಾ ಹಾರುವ ಆ ಒಂದು ನಿಮಿಷ ಧ್ವನಿವರ್ಧಕಗಳು ಬಾಯಿ ಮುಚ್ಚಿರಬೇಕೆಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ಇದಕ್ಕೆ ಖರ್ಚಿಲ್ಲ, ಹೊಸ ಅನುಮತಿ ಬೇಕಿಲ್ಲ. ಓದುಗರಲ್ಲೂ ಒಂದು ಮಾತು: ಹಳೆಯ ವಿಮಾನ ಬರುವ ಕಡೆ ಹೋದರೆ ಸ್ಪೀಕರ್ ಕಂಬದ ಬುಡದಲ್ಲಿ ನಿಲ್ಲಬೇಡಿ. ಆದಷ್ಟು ದೂರ, ವಿಮಾನ ಬರುವ ದಿಕ್ಕಿನ ಕಡೆಯ ತುದಿಯಲ್ಲಿ ಜಾಗ ಹಿಡಿಯಿರಿ, ಫೋನನ್ನು ಜೇಬಿನಲ್ಲಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ.