ಬೇಸಿಗೆಯ ಹವಾಮಾನ ಹರಟೆ: ಒಂದು ವಿಮರ್ಶೆ

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ದೊಡ್ಡಬಳ್ಳಾಪುರದ ಯಾವುದಾದರೂ ಟೀ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಇಂಥ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ.

"ಏನಣ್ಣ, ಇನ್ನೂ ಶಿವರಾತ್ರಿ ಆಗಿಲ್ಲ, ಆಗಲೇ ಬಿಸಿಲು ಹಿಂಗೆ ಸುಡ್ತಾ ಐತೆ!"

"ಸುಡ್ಲಿ ಬಿಡಣ್ಣ, ಬೇಸಿಗೆ ಕಾದಷ್ಟೂ ಮಳೆ ಚೆನ್ನಾಗಿ ಹಿಡಿಯುತ್ತೆ."

"ಇಲ್ನೋಡಿ, ದೇವನಹಳ್ಳೀಲಿ ಈಗ 38 ಡಿಗ್ರಿ ಅಂತ ಮೊಬೈಲು ತೋರಿಸ್ತಾ ಐತೆ."

ವಿಜ್ಞಾನ ಓದಿದವರು ಇದನ್ನು ಹೊತ್ತು ಕಳೆಯುವ ಹರಟೆ ಎಂದು ನಕ್ಕು ಮುಂದೆ ಹೋಗುವುದುಂಟು. ಆದರೆ ಒಂದು ಪುಸ್ತಕವನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ವಿಮರ್ಶಿಸಬೇಕಾದ ಮಾತು ಇದು. ಏಕೆಂದರೆ ಇದರ ಮೇಲೆ ಬದುಕು ನಿಂತಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಕ್ಕೆ ಒಂದು ಆಲಿಕಲ್ಲು ಮಳೆ ಸಾಕು, ವರ್ಷದ ದುಡಿಮೆ ನೆಲ ಕಚ್ಚುತ್ತದೆ. ರಾಗಿ ಹೊಲದ ಮೊದಲ ಉಳುಮೆ ಬೇಸಿಗೆಯ ಮಳೆಯನ್ನೇ ಕಾಯುತ್ತದೆ. ಕುರಿ ಕಾಯುವವರು ಸಿಡಿಲಿನ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕೆಂಬುದೂ ಇಂಥ ಮಾತುಗಳಿಂದಲೇ ತೀರ್ಮಾನವಾಗುತ್ತದೆ.

ಮೊದಲು ಗುಣವನ್ನು ಹೇಳೋಣ. ಈ ಹರಟೆಯಲ್ಲಿ ಸೂಕ್ಷ್ಮವಾದ ವೀಕ್ಷಣೆ ಇದೆ. ಉದಾಹರಣೆಗೆ, "ಬರೀ ಬಿಸಿಲಿದ್ದರೆ ಮಳೆ ಇಲ್ಲ, ಸೆಕೆ ಹೆಚ್ಚಿದರೆ ಮಳೆ" ಎಂಬ ಮಾತು. ಮಾರ್ಚ್‌ನಿಂದ ಮೇವರೆಗೆ ದಕ್ಷಿಣ ಒಳನಾಡಿನ ಮೇಲೆ ಎರಡು ಬಗೆಯ ಗಾಳಿಗಳು ಸಂಧಿಸುತ್ತವೆ. ವಾಯವ್ಯದ ಕಡೆಯಿಂದ ಬರುವುದು ಒಣಗಾಳಿ. ಬಂಗಾಳ ಕೊಲ್ಲಿಯ ಕಡೆಯಿಂದ ಬರುವುದು ತೇವದ ಗಾಳಿ. ತೇವದ ಗಾಳಿ ಒಳಬಂದಾಗ ಬೆವರು ಬೇಗ ಆರುವುದಿಲ್ಲ, ಅದೇ ಸೆಕೆ. ಕಾದ ನೆಲ ಆ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಮೇಲೇರಿದ ಆವಿ ಸಾಂದ್ರೀಕರಿಸಿ ಗುಡುಗು ಮೋಡವಾಗುತ್ತದೆ. ಶಾಖವೊಂದಿದ್ದರೆ ಸಾಲದು, ತೇವವೂ ಬೇಕು. 2024ರ ಏಪ್ರಿಲ್ 28ರಂದು ಬೆಂಗಳೂರು ನಗರದಲ್ಲಿ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆದರೂ ಆ ತಿಂಗಳು ನಗರದ ವೀಕ್ಷಣಾಲಯದಲ್ಲಿ ದಾಖಲಾದ ಮಳೆ ಸೊನ್ನೆ! ಅಂಗಡಿ ಮುಂದಿನ ಮಾತು ಇಲ್ಲಿ ಗೆದ್ದಿತು.

ಇನ್ನು ದೋಷಗಳಿಗೆ ಬರೋಣ. ಮೊದಲನೆಯದು ಅಳತೆಗೋಲಿನದು. "ಶಿವರಾತ್ರಿಗೆ ಮುಂಚೆಯೇ ಬೇಸಿಗೆ ಬಂತು" ಎನ್ನುವಾಗ ಶಿವರಾತ್ರಿ ಎಂಬ ಗುರುತೇ ಓಡಾಡುತ್ತದೆ ಎಂಬುದನ್ನು ಮರೆಯುತ್ತೇವೆ. ಅದು ಚಾಂದ್ರಮಾನದ ಹಬ್ಬ. 2024ರಲ್ಲಿ ಮಾರ್ಚ್ 8ರಂದು ಬಂದದ್ದು 2026ರಲ್ಲಿ ಫೆಬ್ರವರಿ 15ಕ್ಕೇ ಬಂತು. ಮೂರು ವಾರಗಳ ವ್ಯತ್ಯಾಸ! ಬಿಸಿಲನ್ನು ನಿರ್ಧರಿಸುವುದು ಸೂರ್ಯ; ಅದನ್ನು ಚಂದ್ರನ ಲೆಕ್ಕದಲ್ಲಿ ಅಳೆದರೆ ತಾಳೆಯಾಗುವುದು ಹೇಗೆ?

ಈ ವಿಷಯದಲ್ಲಿ ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕ ಹೆಚ್ಚು ಜಾಣತನದ್ದು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳೆಂದರೆ ಸೂರ್ಯನು ಆಯಾ ನಕ್ಷತ್ರದಲ್ಲಿರುವ 13-14 ದಿನಗಳ ಅವಧಿ. ಆದ್ದರಿಂದಲೇ ಅಶ್ವಿನಿ ಪ್ರತಿವರ್ಷ ಏಪ್ರಿಲ್ ಮಧ್ಯದಲ್ಲಿ, ಭರಣಿ ಅದೇ ತಿಂಗಳ ಕೊನೆಯಲ್ಲಿ ಆರಂಭವಾಗುತ್ತದೆ. ಆದರೆ ಇಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಭೂಮಿಯ ಅಕ್ಷದ ನಿಧಾನವಾದ ತಿರುಗುವಿಕೆಯೇ ಇದಕ್ಕೆ ಕಾರಣ. ಹೀಗಾಗಿ 72 ವರ್ಷಕ್ಕೆ ಒಂದು ದಿನದಂತೆ, ಸಾವಿರ ವರ್ಷದಲ್ಲಿ ಹೆಚ್ಚುಕಡಿಮೆ ಒಂದು ಇಡೀ ಮಳೆ ನಕ್ಷತ್ರದಷ್ಟು ಈ ಲೆಕ್ಕ ಜಾರುತ್ತದೆ. ಎರಡನೆಯದಾಗಿ, ಇದು ದಿನದರ್ಶಿಕೆಯೇ ಹೊರತು ಮುನ್ಸೂಚನೆಯಲ್ಲ. ಭರಣಿ ಯಾವಾಗ ಬರುತ್ತದೆಂದು ಅದು ಹೇಳಬಲ್ಲದು. ಭರಣಿಯಲ್ಲಿ ಮಳೆ ಬರುತ್ತದೆಯೇ ಎಂದು ಹೇಳಲಾರದು.

ಎರಡನೆಯ ದೋಷ, ಉಪಕರಣದ ಹೆಸರಿಲ್ಲದ ಸಂಖ್ಯೆ. ಹವಾಮಾನ ಇಲಾಖೆಯ ಉಷ್ಣತಾಮಾಪಕವು ಬಿಳಿ ಬಣ್ಣದ, ಗಾಳಿಯಾಡುವ ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ, ನೆಲದಿಂದ ಒಂದೂಕಾಲು ಮೀಟರಿನಷ್ಟು ಎತ್ತರದಲ್ಲಿ, ನೆರಳಿನಲ್ಲಿರುತ್ತದೆ. ಅದು ಅಳೆಯುವುದು ಗಾಳಿಯ ಉಷ್ಣತೆಯನ್ನು. ಡಾಂಬರು ರಸ್ತೆಯ ಮೇಲೆ ನಿಂತ ಕಾರು ತೋರಿಸುವ 41 ಡಿಗ್ರಿಯಲ್ಲಿ ರಸ್ತೆಯ ಕಾವೂ ಎಂಜಿನ್ನಿನ ಕಾವೂ ಸೇರಿರುತ್ತವೆ. ಮೊಬೈಲು ತೋರಿಸುವುದು ಬಹುಮಟ್ಟಿಗೆ ಗಣಕ ಮಾದರಿಯಿಂದ ಅಂದಾಜಿಸಿದ ಸಂಖ್ಯೆಯನ್ನು. ನಿಮ್ಮೂರಿನಲ್ಲಿ ಯಾರೂ ಅದನ್ನು ಅಳೆದಿರುವುದಿಲ್ಲ. "ಫೀಲ್ಸ್ ಲೈಕ್" ಎಂಬ ಇನ್ನೊಂದು ಸಂಖ್ಯೆಯಂತೂ ಆರ್ದ್ರತೆ, ಗಾಳಿ ಮುಂತಾದವನ್ನು ಸೇರಿಸಿ ಮಾಡಿದ ಲೆಕ್ಕ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದನ್ನು ಇನ್ನೊಂದರೊಡನೆ ಹೋಲಿಸಿ "ದಾಖಲೆ ಮುರಿಯಿತು" ಎನ್ನುವುದು ತಪ್ಪು. ಬೆಂಗಳೂರು ನಗರದ ಅಧಿಕೃತ ಗರಿಷ್ಠ 2016ರ ಏಪ್ರಿಲ್‌ನ 39.2 ಡಿಗ್ರಿ. ಅದಕ್ಕೂ ಮುಂಚಿನ ದಾಖಲೆ 1931ರ ಮೇ ತಿಂಗಳ 38.9 ಡಿಗ್ರಿ. ಇಷ್ಟು ದೂರದ ಎರಡು ವರ್ಷಗಳನ್ನು ಹೋಲಿಸಲು ಸಾಧ್ಯವಾದದ್ದು ಅಳೆಯುವ ಕ್ರಮಕ್ಕೆ ಒಂದು ಶಿಸ್ತು ಇದ್ದುದರಿಂದ.

ಮೂರನೆಯದು ನೆನಪಿನ ದೋಷ. ಗೆದ್ದ ಭವಿಷ್ಯ ನೆನಪಿರುತ್ತದೆ, ಸೋತದ್ದು ಮರೆತುಹೋಗುತ್ತದೆ. "ಬೇಸಿಗೆ ಕಾದಷ್ಟೂ ಮಳೆ ಚೆನ್ನ" ಎಂಬುದನ್ನೇ ಪರೀಕ್ಷಿಸಿ. 2016 ಮತ್ತು 2024 ಎರಡರಲ್ಲೂ ಏಪ್ರಿಲ್ ಸುಟ್ಟಿತು. 2016ರಲ್ಲಿ ರಾಜ್ಯದ ಅನೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2024ರಲ್ಲಿ ಮುಂಗಾರು ವಾಡಿಕೆಗಿಂತ ಹೆಚ್ಚೇ ಸುರಿಯಿತು. ಕಾರಣ ಒಂದೇ, ಫಲ ಬೇರೆ ಬೇರೆ. ಎರಡು ವರ್ಷಗಳಿಂದ ಹೊಸ ನಿಯಮವೇನೂ ಸಿದ್ಧವಾಗದು. ಆದರೆ "ಕಾದರೆ ಮಳೆ ಖಂಡಿತ" ಎಂಬ ಭರವಸೆಯನ್ನು ಮುರಿಯಲು 2016 ಒಂದೇ ಸಾಕು.

ನಾಲ್ಕನೆಯದು, ಒಂದು ಊರಿನ ಮಳೆಯನ್ನು ಎಲ್ಲ ಊರುಗಳ ಮಳೆ ಎಂದು ತಿಳಿಯುವುದು. ನೆಲಮಂಗಲಕ್ಕೂ ಹೊಸಕೋಟೆಗೂ ನೇರ ದೂರ 45 ಕಿ.ಮೀ. ಆಸುಪಾಸು. ಬೇಸಿಗೆಯ ಒಂದು ಗುಡುಗು ಮೋಡದ ಹರವು ಕೆಲವೇ ಕಿಲೋಮೀಟರ್. ಒಂದು ಊರಿನಲ್ಲಿ ಕಾಲುವೆ ಹರಿದಾಗ ಇನ್ನೊಂದರಲ್ಲಿ ಧೂಳು ಏಳುವುದು ಸಹಜ. ಬೆಂಗಳೂರಿನ ಅಂಕಿಗಳಿಂದ ಹೊಸಕೋಟೆಯ ಹೊಲದ ತೇವವನ್ನು ತಿಳಿಯಲಾಗದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದು ಇದಕ್ಕಾಗಿಯೇ.

ಹಾಗಾದರೆ ಹರಟೆಯನ್ನು ನಿಲ್ಲಿಸಬೇಕೆ? ಖಂಡಿತ ಬೇಡ. ಅದಕ್ಕೆ ನಾಲ್ಕು ಪ್ರಶ್ನೆಗಳನ್ನು ಸೇರಿಸಿದರೆ ಸಾಕು: ಎಲ್ಲಿ? ಯಾವಾಗ? ಯಾವುದರಿಂದ ಅಳೆದದ್ದು? ತಪ್ಪಾದ ಸಲ ಏನಾಯಿತು?

ಶಿಕ್ಷಕರೇ, ಈ ಕೆಲಸ ನಿಮ್ಮ ಶಾಲೆಯ ಅಂಗಳದಲ್ಲೇ ಆಗಬಹುದು. ಬಯಲಿನಲ್ಲಿ ನೇರ ಗೋಡೆಯ, ಸಮತಟ್ಟು ತಳದ ಡಬ್ಬಿಯೊಂದನ್ನು ಇಡಿ. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಮಿ.ಮೀ.ನಲ್ಲಿ ಅಳೆದು ಬರೆಯಿಸಿ. ಮಳೆ ಬಾರದ ದಿನ ಸೊನ್ನೆ ಬರೆಯಲು ಮರೆಯಬೇಡಿ, ಸೊನ್ನೆಯೂ ಮಾಹಿತಿಯೇ. 1 ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ 1 ಲೀಟರ್ ನೀರು. 20 ಮಿ.ಮೀ. ಬಿದ್ದರೆ ಒಂದು ಎಕರೆಗೆ ಸುಮಾರು 81,000 ಲೀಟರ್! ಈ ಲೆಕ್ಕವನ್ನು ಮಕ್ಕಳು ಮನೆಗೆ ಒಯ್ದಾಗ ಅಪ್ಪ ಅಮ್ಮಂದಿರೂ ಕಿವಿಗೊಡುತ್ತಾರೆ. ಏಪ್ರಿಲ್ 24-25ರ ಸುಮಾರಿಗೆ ಈ ತಾಲ್ಲೂಕುಗಳಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕಂಬಕ್ಕೆ ನೆರಳಿಲ್ಲದಿರುವುದನ್ನೂ ತೋರಿಸಿ. ಉತ್ತರ ಭಾರತಕ್ಕಿಂತ ಮೊದಲೇ ನಮ್ಮಲ್ಲಿ ಬೇಸಿಗೆ ತುದಿ ಮುಟ್ಟುವುದೇಕೆ, ಮೇ ಮಳೆ ಅದನ್ನು ತಣಿಸುವುದು ಹೇಗೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಕೊನೆಯದಾಗಿ, ಚರ್ಚೆಗೆ ಬಿಡಬಾರದ ಒಂದು ಮಾತು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಹೊಲ ಬಿಟ್ಟು ಭದ್ರವಾದ ಕಟ್ಟಡ ಸೇರಬೇಕು. ಮರದ ಕೆಳಗಂತೂ ನಿಲ್ಲಲೇಬಾರದು. "ಮೋಡ ಇನ್ನೂ ದೂರ ಐತೆ" ಎಂಬ ಹರಟೆಗೆ ಜೀವ ಒತ್ತೆಯಿಡುವುದು ಬೇಡ. ಅಲ್ಲಿಯೂ ಎಣಿಸಿ, ಅಳೆದು, ಆಮೇಲೆ ಮಾತನಾಡೋಣ.