ರೆಕ್ಕೆಯ ಮೇಲಿನ ಸುಳಿ

ಎತ್ತು ಕೊಳ್ಳುವವರು ಮೈಮೇಲಿನ ಸುಳಿ ನೋಡದೆ ವ್ಯಾಪಾರ ಕುದುರಿಸುವುದಿಲ್ಲ. ಸೂಕ್ಷ್ಮದರ್ಶಕದ ಹುಚ್ಚು ಹತ್ತಿದವರಿಗೂ ಸುಳಿಯ ಚಪಲವಿದೆ. ನಮ್ಮದು ಹಣ್ಣುನೊಣದ ರೆಕ್ಕೆಯ ಮೇಲಿನ ಸುಳಿ.

ಸರಿಯಾದ ನೊಣದಲ್ಲಿ ಅದು ಇರುವುದಿಲ್ಲ. ರೆಕ್ಕೆಗೆ ಸುಮಾರು 30,000 ಜೀವಕೋಶ, ಕೋಶಕ್ಕೊಂದು ರೋಮ, ಅಷ್ಟೂ ರೋಮಗಳ ಮುಖ ತುದಿಯ ಕಡೆಗೆ. ಕೋಶಗಳೋ ಹೆಚ್ಚುಕಡಿಮೆ ಷಟ್ಕೋನ. ಆಕಾರ ನೋಡಿ ಬುಡ ಯಾವುದು, ತುದಿ ಯಾವುದು ಎನ್ನುವಂತಿಲ್ಲ. ಹಾಗಿದ್ದೂ ಪ್ಯೂಪಾ ಆದ ಎರಡನೇ ದಿನ ಪ್ರತಿ ಕೋಶವೂ ತುದಿಯ ಕಡೆಯ ಮೂಲೆಯಿಂದಲೇ ರೋಮ ಚಾಚುತ್ತದೆ. ನೊಣ ಹೊರಬಂದ ಮೇಲೆ ರೆಕ್ಕೆಯ ಕೋಶಗಳು ಸಾಯುತ್ತವೆ. ನಮಗೆ ಕಾಣುವುದು ಅವು ಬಿಟ್ಟುಹೋದ ಹೊರಪೊರೆ ಮಾತ್ರ.

ಫ್ರಿಜಲ್ಡ್ ಎಂಬ ಜೀನ್ ಕೆಟ್ಟರೆ ರೋಮಗಳು ಸುಳಿಯಾಗುತ್ತವೆ. ವ್ಯಾನ್‌ಗೋ ಕೆಟ್ಟರೂ ಅಷ್ಟೆ. (ಹೆಸರಿಟ್ಟವರಿಗೆ ಚಿತ್ರಕಲೆಯ ರುಚಿಯಿತ್ತು.) ಫ್ರಿಜಲ್ಡ್ ಬಳಗದ ಒಂದು ಜೀನ್ ತಪ್ಪಿಸಿದರೆ ಇಲಿಯ ಮೈಮೇಲೂ ಸುಳಿ ಏಳುವುದು 2004ರಲ್ಲಿ ತಿಳಿಯಿತು.

ನನ್ನ ಮಟ್ಟಿಗೆ ಸುಳಿಗಿಂತ ಸೊಗಸಾದದ್ದು ವಿನ್ಸನ್ ಮತ್ತು ಆಡ್ಲರ್ 1987ರಲ್ಲಿ ವರದಿ ಮಾಡಿದ ಪ್ರಯೋಗ. ಸಹಜ ರೆಕ್ಕೆಯ ನಡುವೆ ಫ್ರಿಜಲ್ಡ್ ಇಲ್ಲದ ಕೋಶಗಳ ಒಂದು ತೇಪೆ. ತೇಪೆಯೊಳಗೆ ದಿಕ್ಕು ತಪ್ಪುವುದು ಸರಿಯೇ. ಆದರೆ ಅದರಾಚೆ, ತುದಿಯ ಕಡೆಗಿದ್ದ ಆರೋಗ್ಯವಂತ ಕೋಶಗಳ ರೋಮಗಳೂ ಹಿಂದಿರುಗಿ ತೇಪೆಯತ್ತ ಬಾಗಿದ್ದವು! ವ್ಯಾನ್‌ಗೋ ಇಲ್ಲದ ತೇಪೆಯ ನೆರೆಯವು ಇದಕ್ಕೆ ವಿರುದ್ಧ: ಮುಖ ತಿರುಗಿಸಿಕೊಳ್ಳುತ್ತವೆ. ಅಂದರೆ ಕೋಶಕ್ಕೆ ದಿಕ್ಕು ಹೇಳುವುದರಲ್ಲಿ ನೆರೆಯ ಪಾತ್ರ ದೊಡ್ಡದು. ಕೋಶದ ತುದಿಯಂಚಿನಲ್ಲಿ ಫ್ರಿಜಲ್ಡ್ ಪ್ರೋಟೀನು ಗುಂಪುಗೂಡಿದರೆ, ಅದಕ್ಕೆ ಎದುರಾಗಿ ಪಕ್ಕದ ಕೋಶದ ಬುಡದಂಚಿನಲ್ಲಿ ವ್ಯಾನ್‌ಗೋ ನಿಲ್ಲುತ್ತದೆ. ನಡುವೆ ಎರಡೂ ಕಡೆಯಿಂದ ಕೈ ಹಿಡಿಯುವುದು ಫ್ಲೆಮಿಂಗೋ ಎಂಬ ಇನ್ನೊಂದು ಪ್ರೋಟೀನು. ಹೀಗೆ ಒಂದರ ತುದಿ ಇನ್ನೊಂದರ ಬುಡವನ್ನು ಗೊತ್ತುಮಾಡುತ್ತ ಸಾಲು ಮುಂದುವರಿಯುತ್ತದೆ.

ಮೊದಲ ಸೂಚನೆ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಮಾತ್ರ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ. ಫ್ಯಾಟ್, ಡ್ಯಾಕ್ಸಸ್ ಎಂಬ ಪ್ರೋಟೀನುಗಳತ್ತ ಬೊಟ್ಟು ಮಾಡುವವರಿದ್ದಾರೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಸುಝಾನ್ ಈಟನ್ ಅವರ ತಂಡ 2010ರಲ್ಲಿ ಬೇರೆಯದೇ ಒಂದನ್ನು ತೋರಿಸಿತು. ರೆಕ್ಕೆಯ ಬುಡ ಕುಗ್ಗುತ್ತ ಇಡೀ ಹಾಳೆಯನ್ನು ಎಳೆಯುತ್ತದೆ, ಕೋಶಗಳು ಹರಿದು ಜಾಗ ಬದಲಿಸುತ್ತವೆ, ಮೊದಲು ಅಂಚಿನತ್ತ ಇದ್ದ ದಿಕ್ಕು ಆ ಹರಿವಿನಲ್ಲಿ ತುದಿಯತ್ತ ಹೊರಳುತ್ತದೆ. ಬರೀ ರಾಸಾಯನಿಕ ಸುದ್ದಿಯಿಂದ ಎಲ್ಲವೂ ನಡೆಯುತ್ತದೆಂದು ನಂಬಿದವರಿಗೆ ಈ ಎಳೆದಾಟ ಒಳ್ಳೆಯ ಮದ್ದು.

ನೋಡಬೇಕೆನಿಸಿದರೆ ಕೊಳೆತ ಬಾಳೆಹಣ್ಣಿನ ಬಳಿ ಸತ್ತುಬಿದ್ದ ನೊಣವೊಂದು ಸಾಕು. ರೆಕ್ಕೆ ಬಿಡಿಸಿ, ಗ್ಲಿಸರಿನ್ ಹನಿಯಲ್ಲಿ ಹಾಸಿ, ಕವರ್‌ಸ್ಲಿಪ್ ಮುಚ್ಚಿ. ನೂರು ಪಟ್ಟು ಹಿಗ್ಗಿಸಿದರೆ ರೋಮ ಕಾಣುತ್ತದೆ, ನಾನೂರಕ್ಕೆ ಅದರ ಬುಡವೂ ಕಾಣುತ್ತದೆ. ಬೆಳಕು ತುಸು ತಗ್ಗಿಸಿಕೊಳ್ಳಿ. ತುದಿ ಯಾವ ಕಡೆಗೆಂದು ಮೊದಲು ರೋಮ ನೋಡಿಯೇ ಊಹಿಸಿ, ಆಮೇಲೆ ಸ್ಲೈಡ್ ಸರಿಸಿ ಪರೀಕ್ಷಿಸಿ. ಸೂಕ್ಷ್ಮದರ್ಶಕದ ಬಿಂಬ ತಲೆಕೆಳಗಾಗಿರುತ್ತದೆ ಎಂಬುದು ನೆನಪಿರಲಿ.