ಹೊಸ ಆವೃತ್ತಿ, ಹಳೆಯ ಅಳತೆ

“ಅತ್ಯಾ, ಹೊಸಾದು ಹಳೇದನ್ನ ಮೂರು–ಒಂದರಿಂದ ಸೋಲಿಸ್ತು ನೋಡ್ರಿ!”

ರಜೆಗೆ ಚಿಕ್ಕೋಡಿಗೆ ಬಂದಿದ್ದ ತಮ್ಮನ ಮಗ ಒಂದೇ ಚದುರಂಗ ಪ್ರೋಗ್ರಾಮಿನ ಎರಡು ಆವೃತ್ತಿಗಳನ್ನು ಎದುರುಬದುರು ಆಡಿಸಿದ್ದ. ಹೊಸದು ಅಪ್ಪನ ಹೊಸ ಕಂಪ್ಯೂಟರಿನಲ್ಲಿ, ಹಳೆಯದು ಮನೆಯ ಮುದಿ ಯಂತ್ರದಲ್ಲಿ. ಮೂರು ಆಟಗಳಲ್ಲಿ ಬಿಳಿ ಕಾಯಿ ಹೊಸದಕ್ಕೇ. ಇನ್ನು ತನಗೂ ಹೊಸ ಕಂಪ್ಯೂಟರು ಬೇಕೆಂಬುದು ಅವನ ಹಟ.

ನಾಲ್ಕಾಣೆ ಕೊಟ್ಟು, “ನಾಲ್ಕು ಸಲ ಚಿಮ್ಮು” ಎಂದೆ. ಹೀಗೆ ಚಿಮ್ಮಿದರೆ ಅರ್ಧದಷ್ಟು ಸಲ ಫಲ ಮೂರು–ಒಂದೇ ಆಗುತ್ತದೆ. ಹಾಗೆಂದು ನಾಣ್ಯದ ಒಂದು ಮುಖ ಜಾಣ ಎನ್ನಲಾದೀತೆ? ಅಥಣಿಯ ಚಪ್ಪಲಿಯನ್ನು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ಮೆಚ್ಚಬಹುದು. ಅದರ ಬಾಳಿಕೆ ತಿಳಿಯಲು ವರ್ಷ ತುಂಬ ಮೆಟ್ಟಬೇಕು.

ದೊಡ್ಡವರ ಆಟದಲ್ಲೂ ಇದೇ ಪಾಠ. 1996ರಲ್ಲಿ ಡೀಪ್ ಬ್ಲೂ ಕಂಪ್ಯೂಟರು ಕಾಸ್ಪರೋವ್ ವಿರುದ್ಧ ಮೊದಲ ಆಟ ಗೆದ್ದಿತು. ಆದರೆ ಪಂದ್ಯ ಕಾಸ್ಪರೋವ್‌ಗೆ, 4–2. 1997ರಲ್ಲಿ ಅದೇ ಯಂತ್ರ 3½–2½ರಿಂದ ಗೆದ್ದಿತು. ಆದರೆ ಅಷ್ಟರಲ್ಲಿ ಅದರ ವೇಗವೂ ಸುಮಾರು ಇಮ್ಮಡಿಯಾಗಿ, ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುವಂತಾಗಿತ್ತು. ಬೆಳೆದದ್ದು ಬುದ್ಧಿಯೋ, ಕಾಲಿನ ಓಟವೋ? ಆರು ಆಟದಲ್ಲಿ ಬಿಡಿಸಿ ಹೇಳುವುದು ಹೇಗೆ?

2008ರಲ್ಲಿ ಹುಟ್ಟಿದ ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮಿನವರು ಇದನ್ನು ಅರಿತವರು. ಎರಡಕ್ಕೂ ಒಂದೇ ಯಂತ್ರಬಲ, ಒಂದೇ ಸಮಯ. ಒಂದೇ ಆರಂಭದಿಂದ ಬಿಳಿ–ಕಪ್ಪು ಅದಲುಬದಲು. ಸಣ್ಣ ತಿದ್ದುಪಡಿಗೂ ಸಾವಿರಾರು ಆಟ. ಎಲೋ ಲೆಕ್ಕದಲ್ಲಿ 100 ಅಂಕ ಮೇಲಿರುವ ಆಟಗಾರನಿಗೂ ನೂರಕ್ಕೆ ಸುಮಾರು 64 ಪಾಲು ಮಾತ್ರ ಸಿಗಬೇಕು, ಉಳಿದದ್ದು ಸೋತವನದೇ. ಹತ್ತು ಅಂಕದ ಸುಧಾರಣೆಯಂತೂ ನಾಲ್ಕು ಆಟದಲ್ಲಿ ಕಣ್ಣಿಗೇ ಬೀಳದು. ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ: ಮನೆಯ ಅಣ್ಣನನ್ನು ಸೋಲಿಸಲು ಕಲಿತವನು ಊರವರೆದುರೂ ಅಷ್ಟೇ ಗೆಲ್ಲುತ್ತಾನೆಯೆ? ಆದ್ದರಿಂದ ಬೇರೆ ಪ್ರೋಗ್ರಾಮುಗಳ ಎದುರಿಗೂ ಆಡಿಸಿ ನೋಡಬೇಕು.

ಹುಡುಗನಿಗೆ ಇಷ್ಟೆಲ್ಲ ಹೇಳುವಾಗ ನನ್ನ ಗಂಟಲು ತುಸು ಕಟ್ಟಿತು. ಒಮ್ಮೆ ಮಗಳ ಒಂದೇ ಪರೀಕ್ಷೆಯ ಅಂಕ ನೋಡಿ, ಅವಳು ಮೆಚ್ಚಿದ ಟ್ಯೂಶನ್ ಬಿಡಿಸಿದ್ದೆ. ಪ್ರಶ್ನೆಪತ್ರಿಕೆಯೇ ಎಲ್ಲರಿಗೂ ಕಠಿಣವಾಗಿತ್ತೆಂದು ತಿಂಗಳ ನಂತರ ತಿಳಿಯಿತು. ಯಂತ್ರಕ್ಕೆ ಸಾವಿರ ಆಟದ ಅವಕಾಶ ಕೊಡುವ ನಾವು ಮಕ್ಕಳಿಗೆ ಎರಡನೆಯದನ್ನೂ ಕೊಡುವುದಿಲ್ಲವಲ್ಲ!

ಹುಡುಗ ಎರಡೂ ಆವೃತ್ತಿಗಳನ್ನು ಅದೇ ಮುದಿ ಯಂತ್ರಕ್ಕೆ ಹಾಕಿ ಬಣ್ಣ ಬದಲಿಸಿ ಆಡಿಸುತ್ತಿದ್ದಾನೆ. ಹೊಸ ಕಂಪ್ಯೂಟರಿನ ಮಾತು ಸದ್ಯಕ್ಕೆ ನಿಂತಿದೆ.